ಬಾಣಂತಿ ಕೋಣೆಯ ನೀಲಿ ಉರಿ

ನವೆಂಬರ್ 14. ಬೆಳಿಗ್ಗೆ 5:40

ಎರಡು ಬಕೆಟ್ ಸಗಣಿ, ಎರಡು ಬಕೆಟ್ ನೀರು. ಕಲಸಿ ತೊಟ್ಟಿಗೆ ಬಿಟ್ಟೆ. ಬೆರಳು ಮರಗಟ್ಟಿದವು. ಗೋಬರ್ ಗ್ಯಾಸಿನ ಡ್ರಮ್ಮು ನಿನ್ನೆಗಿಂತ ನಾಲ್ಕು ಬೆರಳು ಕೆಳಗೆ. ಚಳಿಗಾಲದ ಪಾಡೇ ಇದು. ಎಮ್ಮೆಗಳು ಅಷ್ಟೇ ತಿನ್ನುತ್ತವೆ, ಅಷ್ಟೇ ಹಾಕುತ್ತವೆ. ಗ್ಯಾಸು ಮಾತ್ರ ಮುನಿಸಿಕೊಂಡ ನಾಯಕಿಯ ಹಾಗೆ ಬಣ್ಣದ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಹೆಂಡತಿ ಕಸ್ತೂರೆಮ್ಮನ ರೊಟ್ಟಿ, ಪಲ್ಯ, ಚಹಾ ಮುಗಿದ ಮೇಲೆ ಉಳಿಯುವುದು ಒಲೆಯ ಒಂದು ತಾಸಿನ ಉರಿ. ಅಷ್ಟರಲ್ಲಿ ಒಂದು ಕೋಣೆ ಬೆಳತನಕ ಬೆಚ್ಚಗಿರಬೇಕು. ಸವಾಲು ಇಷ್ಟೇ. ಇಷ್ಟೇ ಅಂತ ಬರೆದು ಐದು ನಿಮಿಷ ಸುಮ್ಮನೆ ಕೂತೆ.

ನಿನ್ನೆ ಮಗಳು ಶಾಂಭವಿಯ ಫೋನ್. ಅವಳ ಬಸಿರಿಗೆ ಏಳು ತಿಂಗಳು ತುಂಬಿದೆ. ಗಂಗಾವತಿಯಿಂದ ಬಾಣಂತನಕ್ಕೆ ಇಲ್ಲಿಗೆ, ಕುಷ್ಟಗಿಗೆ ಬರಬೇಕು.

"ಅಪ್ಪ, ಬರ್ತೀನಿ. ಖರೆ ಹೊರಸಿನ ಕೆಳಗ ಕೆಂಡ ಇಡ್ತೀವಿ ಅಂದ್ರ ಬರಂಗಿಲ್ಲ."

"ನಿಮ್ಮವ್ವ ಕೇಳಬೇಕಲ್ಲವಾ."

"ಅವ್ವಗ ನೀ ಹೇಳು. ಊರಿಗೆಲ್ಲ ಹೇಳ್ತಿ."

ತಪ್ಪಿಲ್ಲ ಅವಳದು. ನಾಲ್ಕು ವರ್ಷದ ಹಿಂದೆ ಮೊದಲ ಕೂಸು ಅಮೃತಾ ಹುಟ್ಟಿದಾಗ ರೂಢಿಯಂತೆ ಎಲ್ಲ ಮಾಡಿದೆವು. ಬಾಣಂತಿ ಮಲಗುವ ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡ, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಬಾಗಿಲು, ಕಿಟಕಿ ಬಂದ್. ಹದಿನೆಂಟನೇ ದಿನಕ್ಕೆ ಕೂಸಿನ ಎದೆ ಗೊರಗೊರ. ಕೊಪ್ಪಳದ ದವಾಖಾನೆಯಲ್ಲಿ ಹನ್ನೊಂದು ದಿನ. ಉಳಿಯಿತು. ಇಂದಿಗೂ ಚಳಿ ಬಿದ್ದರೆ ಅಮೃತಾಳ ಎದೆಯಲ್ಲಿ ಹರಿದ ಹಾರ್ಮೋನಿಯಂ ತಿದಿಯ ಸದ್ದು.

ನಾನು ಪಂಪಾಪತಿ. ಹದಿನೇಳು ವರ್ಷ ನಾಟಕ ಕಂಪನಿಯಲ್ಲಿ ಗದೆ ಹಿಡಿದವನು. ಇಪ್ಪತ್ತಾರು ವರ್ಷದಿಂದ ಗ್ಯಾಸ್ ಒಲೆ ರಿಪೇರಿಯವನು. ಉರಿಯ ಭಾಷೆ ಬಲ್ಲೆ. ಮಗಳಿಗೆ ಮಾತು ಕೊಟ್ಟಿದ್ದೇನೆ — ಹೊಗೆಯಿಲ್ಲದ ಶಾಖ. ಜನವರಿ ಹೊತ್ತಿಗೆ.

ಕರೆಂಟಿನ ಹೀಟರ್ ಆಗದು. ಚಳಿ ಕಚ್ಚುವ ಹೊತ್ತಿಗೇ ಕರೆಂಟು ಹೋಗುತ್ತದೆ.

ನವೆಂಬರ್ 19

ಹೈವೇ ಪಕ್ಕ ಮುರ್ತುಜಾಸಾಬನ ಶೆಡ್ಡು. ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಬೆಸೆಯುವವನು. ನನ್ನ ವಾರಿಗೆಯವ. ಒಂದು ಹಳೇ ರೇಡಿಯೇಟರ್ ಕೇಳಿದೆ.

"ಏನ್ ಪಂಪಣ್ಣ, ಟ್ರ್ಯಾಕ್ಟರ್ ತಗೊಂಡ್ಯಾ?"

"ಇಲ್ಲೋ ಸಾಬ. ಮಗಳ ಹೊರಸಿನ ಕೆಳಗ ಇಡಾಕ."

ಕೈಲಿದ್ದ ರೇಡಿಯೇಟರ್ ತಟ್ಟಿದ. "ಇದು ಇಂಜಿನ್ ತಂಪು ಮಾಡೋ ಸಾಮಾನು."

"ಇಂಜಿನ್ ತಂಪಾತಲ್ಲ, ಆ ಬಿಸಿ ಎಲ್ಲಿಗೆ ಹೋಕ್ಕೈತಿ?"

"ಎಲ್ಲಿಗೆ ಹೋಕ್ಕೈತಿ... ಮೂವತ್ತು ವರ್ಷಾತು, ನನ್ನ ಮುಖಕ್ಕ ಹೊಡೀತೈತಿ."

ನಕ್ಕೆವು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ನಮ್ಮ ಮನೆಯ ಒಳನೆಲ ಎತ್ತರ, ಹಿತ್ತಲು ಒಂದು ಮೊಳ ತಗ್ಗು. ಉರಿ ಹಿತ್ತಲಲ್ಲಿ, ಗೋಡೆಯಾಚೆ. ಅದರ ಮೇಲೆ ನೀರಿನ ಡಬ್ಬಿ. ಕಾದ ನೀರು ತಾನೇ ಮೇಲೇರುತ್ತದೆ, ಗೋಡೆ ದಾಟಿ ರೇಡಿಯೇಟರಿಗೆ ಬರುತ್ತದೆ, ಬಾಣಂತಿಗೆ ಶಾಖ ಕೊಟ್ಟು ತಣ್ಣಗಾಗಿ ಕೆಳಗಿಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ನೀರು ರಂಗದ ಒಂದು ವಿಂಗಿನಿಂದ ಬಂದು ಇನ್ನೊಂದು ವಿಂಗಿನಿಂದ ಹೋಗುವ ಪಾತ್ರಧಾರಿ.

ನವೆಂಬರ್ 27. ಮಧ್ಯಾಹ್ನ

ಸೋತೆ. ರೇಡಿಯೇಟರ್ ಉಗುರುಬೆಚ್ಚಗಾಗುವಷ್ಟರಲ್ಲಿ ಗ್ಯಾಸು ತೀರಿ ಡ್ರಮ್ಮು ನೆಲ ಹಿಡಿಯಿತು. ಒಂದು ತಾಸು ಹತ್ತು ನಿಮಿಷ. ಹೊಗೆಕೊಳವೆ ಮುಟ್ಟಿದೆ — ಬೆರಳು ಸುಟ್ಟಿತು. ಶಾಖವೆಲ್ಲ ಅಲ್ಲಿ. ಮಗಳಿಗೆಂದು ಕಾಯಿಸಿದ್ದನ್ನು ಆಕಾಶಕ್ಕೆ ಬಡಿಸುತ್ತಿದ್ದೇನೆ.

ಮುರ್ತುಜಾಸಾಬ ಬಂದು ನೋಡಿದ. ಕೊಳವೆಯ ಸುತ್ತ ಒಂದು ಸುತ್ತು ಹಾಕಿದ. "ಬೀಗರು ಬಂದಾಗ ಹೆಂಗ ಮಾಡ್ತಿ? ಊಟಿಲ್ಲದ ಬಿಡ್ತಿಯೇನ? ಈ ಬಿಸಿನೂ ಲಗೂನ ಬಿಡಬ್ಯಾಡ. ದಾರಿ ಉದ್ದ ಮಾಡು. ಇದ್ದದ್ದೆಲ್ಲ ಕೊಟ್ಟು ಹೋಗಲಿ."

ಊಟವಾಗಿ ಒಂದು ಗಳಿಗೆ ಅಡ್ಡಾದೆ. ಕನಸು. ಖಾಲಿ ಥೇಟರಿನಲ್ಲಿ ಉದ್ದನೆಯ ನೀಲಿ ಸೆರಗೊಂದು ನೆಲ ತಾಗದೆ ಹೋಗುತ್ತಿದೆ. ಒಂದೊಂದೇ ಕುರ್ಚಿ ಮುಟ್ಟುತ್ತದೆ. ಮುಟ್ಟಿದ ಕುರ್ಚಿ ಬೆಚ್ಚಗಾಗುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸೆರಗು ತಣ್ಣಗೆ, ನೀರಿನ ಹಾಗೆ. ಎದ್ದು ಕೂತು ಕಸ್ತೂರೆಮ್ಮನ ಕ್ಯಾಲೆಂಡರಿನ ಹಿಂಬದಿಗೆ ಗೀಚಿದೆ: ಆರು ಸಲ ಮಡಿಚಿದ ಹೊಗೆಕೊಳವೆ, ನೀರಿನ ಡಬ್ಬಿಯೊಳಗಿಂದ.

ಡಿಸೆಂಬರ್ 9. ಬೆಳಿಗ್ಗೆ 6:10

ಬರೆಯದೆ ಹನ್ನೆರಡು ದಿನ. ಅಂಗೈ ತುಂಬ ಬೆಸುಗೆಯ ಬೊಬ್ಬೆ.

ಆಯಿತು.

ಉರಿ ಒಂದು ಬೆರಳೆತ್ತರ. ನೀಲಿ. ಅಲುಗುವುದಿಲ್ಲ. ಏಕಾದಶಿ ಉಪವಾಸದವಳ ಹಾಗೆ ಸಣ್ಣಗೆ, ಗಟ್ಟಿಯಾಗಿ ಕೂತಿದೆ. ಒಂದು ತಾಸಿನ ಗ್ಯಾಸು ಆರೂಕಾಲು ತಾಸು ಬಂತು. ಕೊಳವೆಯ ಕೊನೆಗೆ ಅಂಗೈ ಹಿಡಿದೆ. ತಂಪು. ಮೋಡದೊಳಗೆ ಕೈ ಇಟ್ಟ ಹಾಗೆ. ಉರಿಯ ಉಸಿರು ಅಷ್ಟು ತಣ್ಣಗಾಗಿ ತುದಿಯಲ್ಲಿ ನೀರಾಗಿ ತೊಟ್ಟಿಕ್ಕುತ್ತಿದೆ — ಟಪ್... ಟಪ್... ಬೆಂಕಿಯಿಂದ ನೀರು. ಇದನ್ನು ರಂಗದ ಮೇಲೆ ತೋರಿಸಿದ್ದರೆ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು.

ಕೋಣೆಯೊಳಗೆ ಹೋಗಿ ಖಾಲಿ ಹೊರಸಿನ ಮೇಲೆ ಮಲಗಿದೆ. ಬೆನ್ನ ಕೆಳಗಿಂದ ಶಾಖ ಏರಿತು. ನನ್ನವ್ವನ ಮಡಿಲು ಹೀಗೇ ಇದ್ದಿರಬೇಕು. ನೆನಪಿಲ್ಲ, ಮೈಗೆ ನೆನಪಿದೆ. ಹೊರಗೆ ಎಮ್ಮೆ ಮೆಲುಕು ಹಾಕುವ ಸದ್ದು. ಎಷ್ಟು ಹೊತ್ತು ಮಲಗಿದ್ದೆನೋ.

ಡಿಸೆಂಬರ್ 16

ಶಾಂಭವಿ ಬಂದಳು. ಅಳಿಯ ರುದ್ರೇಶ ಬಿಟ್ಟು ಹೋದ; ಅಮೃತಾ ಗಂಗಾವತಿಯಲ್ಲೇ, ಅವನವ್ವನ ಹತ್ತಿರ. ಮಗಳು ಹೊರಸಿನ ಕೆಳಗೆ ಬಗ್ಗಲಾರದೆ ಕೈ ಮಾತ್ರ ಚಾಚಿದಳು. ಕೈ ಅಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. "ಛಲೋ ಐತಿ ಅಪ್ಪ." ಅಷ್ಟೇ. ನಾನು ಇನ್ನೂ ನಾಲ್ಕು ಮಾತು ಕಾದೆ.

ಸಂಜೆ ಮುದುಕವ್ವ ಬಂದಳು. ನಮ್ಮ ಓಣಿಯ ಕೂಸುಗಳಿಗೆಲ್ಲ ನಲವತ್ತು ವರ್ಷದಿಂದ ನೀರೆರೆಯುವವಳು. ಬಾಣಂತಿ ಕೋಣೆಯೊಳಗೆ ಅವಳದೇ ಕಾಯಿದೆ. ಮೂಲೆ ಮೂಲೆ ನೋಡಿದಳು.

"ಬೆಂಕಿ ಎಲ್ಲೈತಿ?"

"ಹೊರಗ ಆಯಿ. ಗ್ವಾಡಿ ಹಿಂದ."

"ಬಾಣಂತಿ ಒಳಗ, ಬೆಂಕಿ ಹೊರಗ. ಮದುಮಗಳು ಕುಷ್ಟಗ್ಯಾಗ, ತಾಳಿ ಯಲಬುರ್ಗಾದಾಗ ಅಂದಂಗಾತು."

ಪಕ್ಕದ ಮನೆ ಹುಲಗಮ್ಮ ಬಾಗಿಲಲ್ಲೇ ನಿಂತು ಇಣುಕಿದಳು. "ಪಂಪಣ್ಣ, ಭಾಳ ದಿನದಿಂದ ಬಡ್ಯಾಕ ಹತ್ತಿದ್ದಿ, ನೋಡೂಣು ಅಂತ ಬಂದೆ. ಎಲ್ಲೈತಪ?"

ತೋರಿಸಿದೆ. ಹೊರಸಿನ ಕೆಳಗೆ ಒಂದು ರೇಡಿಯೇಟರ್. ಅಷ್ಟೇ ಕಾಣುವುದು. ಅವಳು ಹೂಂ ಅಂದು ಹೋದಳು.

ಪರದೆ ಎತ್ತಿದ ಮೇಲೆ ರಂಗ ಖಾಲಿಯಿದ್ದರೆ ಹೇಗಿರುತ್ತದೆ ಎಂದು ಇಂದು ತಿಳಿಯಿತು.

ಡಿಸೆಂಬರ್ 22

ಉರಿಯನ್ನು ಒಳಗೆ ತಂದೆ.

ಉರಿಗೆ ಹೊಸ ತಗಡಿನ ಡಬ್ಬಿ, ಮುಂದೆ ಬೆಂಕಿ ತಾಳುವ ಗಾಜು. ಕೋಣೆಯ ಮೂಲೆಯಲ್ಲಿ, ಹೊರಸಿನ ಎದುರಿಗೆ. ನೀರಿನ ಡಬ್ಬಿ, ಆ ಮಡಿಕೆ ಕೊಳವೆ ಎರಡೂ ಅದರ ಬೆನ್ನಿಗೆ; ಕೊಳವೆಯ ತುದಿ ಗೋಡೆ ತೂರಿ ಬಚ್ಚಲ ಕಡೆ ಹೊರಬೀಳುತ್ತದೆ. ಗಾಜಿನ ಹಿಂದೆ ನೀಲಿ ಉರಿ ನಿಂತರೆ... ಬೆಳದಿಂಗಳಲ್ಲಿ ತುಂಗಭದ್ರೆಯ ಒಂದು ತುಣುಕು ಕತ್ತರಿಸಿ ತಂದಿಟ್ಟ ಹಾಗೆ.

ಮುರ್ತುಜಾಸಾಬನಿಗೆ ಮನಸ್ಸಿಲ್ಲ. "ಹೊರಗ ಛಲೋ ಇತ್ತಲ್ಲೋ. ಬೆಂಕಿ ಒಳಗ ಬಂದ್ರ ಅದರ ಉಸಿರು ಹೊರಗ ಹೋಗಬೇಕು, ನೆಪ್ಪಿರಲಿ."

"ಕೊಳವಿ ಐತಲ್ಲ."

ಶಾಂಭವಿಯೂ ಕೇಳಿದಳು, ಯಾಕೆ ತಂದಿ ಅಂತ. ಹೇಳಿದೆ: ಐದನೇ ದಿನ ಸೆಟಿಗೆವ್ವ ಕೂಸಿನ ಹಣೆಬರಹ ಬರೆಯಲು ಬರುತ್ತಾಳೆ, ಬೆಳಕು ಬೇಡವೇ? ಒಂದು ಹಣತೆ ಸಾಕಾಗುತ್ತಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಸಂಜೆ ಓಣಿಯನ್ನೇ ಕರೆದೆ. ಹನ್ನೊಂದು ಜನ. ದೀಪ ಆರಿಸಿ, ಉರಿ ಹಚ್ಚಿ, ಒಂದು ತಾಸು ಮಾತಾಡಿದೆ — ಉರಿ ಯಾಕೆ ನೀಲಿ, ಎಮ್ಮೆಯ ಹೊಟ್ಟೆಯಿಂದ ಗಾಜಿನ ಅರಮನೆಗೆ ಅದರ ಪಯಣ, ಎಲ್ಲ. ಕಂಠ ಇನ್ನೂ ಇದೆ. ಹುಲಗಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡು ನೋಡಿದಳು. ಮುದುಕವ್ವ ಕೂಡ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಸಿಗೆ ಕೈ ಒಡ್ಡಿದಳು. "ಈಗ ಬೆಂಕಿ ಮಕ ಕಾಣ್ತೈತಿ ನೋಡು."

ಹನ್ನೊಂದು ಜನ ಚಪ್ಪಾಳೆ ತಟ್ಟಿದರು.

ಜನವರಿ 3

ಬೆಳಿಗ್ಗೆ ಒಂಬತ್ತಕ್ಕೆ, ಇಲ್ಲಿನ ಸರಕಾರಿ ದವಾಖಾನೆಯಲ್ಲಿ. ಗಂಡು ಕೂಸು. ಎರಡು ಕೇಜಿ ನೂರು ಗ್ರಾಂ. ಸಣ್ಣದು. ಡಾಕ್ಟರಮ್ಮ ಮೂರು ಸಲ ಹೇಳಿದರು: "ಬೆಚ್ಚಗಿಡ್ರಿ. ತಂಪು ತಗಲಬಾರದು." ನಾನು ಅವರಿಗೆ ಒಲೆಯ ಕತೆ ಶುರು ಮಾಡಿದೆ. ಕಸ್ತೂರೆಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಜನವರಿ 7

ಮೊನ್ನೆ ಮನೆಗೆ ಬಂದರು. ಇಂದು ಐದನೇ ದಿನದ ಪೂಜೆ. ಕೂಸು ಕುಂಚಿಗೆಯೊಳಗೆ ಒಂದು ಹಿಡಿ ಮುಖ. ಮುದುಕವ್ವ ಎಣ್ಣೆ ತಿಕ್ಕಿ, ಎರೆದು, ಬಾಣಂತಿಯ ಕಿವಿಗೆ ಹತ್ತಿ ತುರುಕಿ, ಬಾಗಿಲ ಸಂದಿಗೆ, ಕಿಟಕಿಗೆ ಅರಿವೆ ತುಂಬಿ ಎಲ್ಲ ಬಿಗಿ ಮಾಡಿದ್ದಾಳೆ. ಗಾಳಿ ಹೊಕ್ಕರೆ ಬಾಣಂತಿಗೆ ನಂಜು ಅನ್ನುತ್ತಾಳೆ. ಕೋಣೆಯಲ್ಲಿ ನೀಲಿ ಬೆಳಕು ಮಾತ್ರ. ಕೂಸಿನ ಕೆನ್ನೆಯೂ ನೀಲಿ, ಗೋಡೆಯೂ ನೀಲಿ. ನೀರಿನ ತಳದಲ್ಲಿರುವ ಊರು.

ಜನವರಿ 8. ಬೆಳಿಗ್ಗೆ 6:00

ತಾಯಿ, ಕೂಸು ಇಬ್ಬರಿಗೂ ನಿದ್ದೆ. ಎಂಥ ನಿದ್ದೆ. ಶಾಂಭವಿ ತಲೆ ಭಾರ ಎಂದಳು, ಮತ್ತೆ ಮಲಗಿದಳು. ಕೂಸು ಹಾಲಿಗೂ ಅಳಲಿಲ್ಲ. ಮುದುಕವ್ವನಿಗೆ ಖುಷಿ. "ಮೈಗೆ ಶಾಖ ಹತ್ತೈತಿ. ಮಲಗ್ಲಿ ಬಿಡು."

ಬಾಗಿಲು ಓರೆ ಮಾಡಿ ನೋಡಿದೆ. ಉರಿಯ ತುದಿಗೆ ಹಳದಿ ಬಂದಿದೆ. ಒಲೆಯ ತೂತಿಗೆ ಕಸ ಕಟ್ಟಿರಬೇಕು. ಬಿಚ್ಚಿ ತೊಳೆಯಬೇಕು. ಈಗ ಬೇಡ... ಎಷ್ಟು ಚೆಂದ ಮಲಗಿದ್ದಾರೆ. ಮಂತ್ರ ಹಾಕಿಸಿಕೊಂಡ ಅರಮನೆಯವರ ಹಾಗೆ. ನಾಳೆ ತೊಳೆದರಾಯಿತು.

ಜನವರಿ 12. ಕೊಪ್ಪಳ, ದವಾಖಾನೆಯ ವರಾಂಡ

ಬರೆಯಲು ಕೈ ಬರುತ್ತಿಲ್ಲ. ಬರೆಯಲೇಬೇಕು.

ಒಂಬತ್ತನೇ ತಾರೀಕು ಬೆಳಿಗ್ಗೆ ಕಸ್ತೂರೆಮ್ಮ ಬಿಸಿನೀರು ಒಯ್ದಳು. ಅವಳು ಕೂಗಿದ್ದು ಹಿತ್ತಲಿಗೆ ಕೇಳಿತು. ಶಾಂಭವಿ ನೆಲದ ಮೇಲೆ. ಎದ್ದು ಬಾಗಿಲಿಗೆ ಬರುವಾಗ ಬಿದ್ದಿದ್ದಳು. ಕೂಸು ಹೊರಸಿನ ಮೇಲೆ — ತುಟಿ ಕೆಂಪು, ಮೈ ಮೆತ್ತಗೆ, ಅರಿವೆಯ ಗೊಂಬೆ. ಗಾಜಿನ ಹಿಂದೆ ಉರಿ ಪೂರಾ ಹಳದಿ. ಇಪ್ಪತ್ತಾರು ವರ್ಷ ಊರವರಿಗೆ ಹೇಳಿದ ಮಾತು: ಹಳದಿ ಉರಿ ಅಂದರೆ ಉಸಿರು ಕಟ್ಟಿದ ಉರಿ, ಮೊದಲು ಆರಿಸಿ. ಹಿಂದಿನ ದಿನ ಅದನ್ನೇ ನೋಡಿ ಚೆಂದ ಅಂತ ಬರೆದಿದ್ದೇನೆ. ಮೇಲಿದೆ. ಅಳಿಸುವುದಿಲ್ಲ.

ಇಬ್ಬರನ್ನೂ ಅಂಗಳಕ್ಕೆ ಹೊತ್ತು ತಂದೆವು. ಆಂಬುಲೆನ್ಸ್ ಬರುವ ಮೊದಲು ಬಚ್ಚಲ ಕಡೆ ಓಡಿದೆ. ಕೊಳವೆಯ ಬಾಯಿಗೆ ಅರಿವೆ. ಬಿಗಿಯಾಗಿ, ಬೆರಳಿಂದ ಒತ್ತಿ ತುರುಕಿದ್ದು. ಹಳೇ ಇಲಕಲ್ ಸೀರೆಯ ಅಂಚು. ಮುದುಕವ್ವ ಉಟ್ಟದ್ದು ನೋಡಿದ್ದೇನೆ.

ಅವಳ ತಪ್ಪು ಅನ್ನಲೇ? ಅಲ್ಲಿ ಹೊಗೆಯಿಲ್ಲ. ಬಿಸಿಯಿಲ್ಲ. ತಣ್ಣಗೆ ನೀರು ತೊಟ್ಟಿಕ್ಕುವ ಒಂದು ತೂತು, ಬಾಣಂತಿ ಕೋಣೆಗೆ ಹೋಗುತ್ತದೆ. ನಲವತ್ತು ವರ್ಷ ತೂತು ಮುಚ್ಚಿಯೇ ಬಾಣಂತಿಯರನ್ನು ಕಾಯ್ದವಳು ಇನ್ನೇನು ಮಾಡಬೇಕು? ಬೇರೆ ಒಲೆಯಾಗಿದ್ದರೆ ಕೊಳವೆ ಕೈ ಸುಟ್ಟು ತಾನೇ ಹೇಳುತ್ತಿತ್ತು. ಒಂದು ಹನಿ ಶಾಖವೂ ಹೊರಗೆ ಹೋಗದ ಹಾಗೆ ಮಾಡಿದವನು ನಾನು. ಒಂದು ತಾಸು ಮಾತಾಡಿದೆನಲ್ಲ ಆ ಸಂಜೆ. ಕೊಳವೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನೋಡಲು ಚೆಂದವಿರಲಿಲ್ಲ ಅದು.

ಅರಿವೆ ಜೇಬಿಗೆ ಹಾಕಿಕೊಂಡೆ.

ಡಾಕ್ಟರು ಕೇಳಿದರು: "ವಿಷಗಾಳಿ ಹೊರಗ ಹೋಗೋ ದಾರಿ ಯಾರು ಮುಚ್ಚಿದ್ರು?"

"ಒಲಿ ನಂದ್ರಿ. ತಪ್ಪೂ ನಂದು."

ನಿಜವೇ ಹೇಳಿದೆ. ಅರ್ಧ ಹೇಳಿದೆ. ಪೂರ್ತಿ ಹೇಳಿದರೆ ಆ ಮುದುಕಿಯನ್ನು ಇನ್ಯಾವ ಮನೆಯವರೂ ಕೂಸು ಮುಟ್ಟಗೊಡುವುದಿಲ್ಲ.

ಶಾಂಭವಿಗೆ ಎಚ್ಚರ ಬಂದಿದೆ. ಕೂಸು ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ಆಕ್ಸಿಜನ್ ನಳಿಕೆ. ನಾನು ಕಿಟಕಿಯಾಚೆ. ಎದೆ ಏರುತ್ತದೆ, ಇಳಿಯುತ್ತದೆ. ಏರುತ್ತದೆ...

ಜನವರಿ 14

ಕೂಸಿನ ನಳಿಕೆ ತೆಗೆದರು. ಅತ್ತಿತು. ವರಾಂಡದಲ್ಲಿದ್ದ ಗುರುತಿಲ್ಲದವರೂ ತಿರುಗಿ ನೋಡಿದರು. ಇನ್ನು ಭಯವಿಲ್ಲ ಎಂದರು ಡಾಕ್ಟರು.

ಶಾಂಭವಿಯ ಮಂಚದ ಪಕ್ಕ ಕೂತೆ. ಮಗಳು ಮಾವಿನೆಲೆಯ ಹಾಗೆ ಬಾಡಿದ್ದಾಳೆ.

"ಅಪ್ಪ, ಉರಿ ಒಳಗ ಯಾಕ ತಂದಿ?"

ಸೆಟಿಗೆವ್ವನ ಹೆಸರು ನಾಲಗೆ ತುದಿಗೆ ಬಂತು. ನುಂಗಿದೆ.

"ಮಂದಿ ನೋಡ್ಲಿ ಅಂತ."

ಫ್ಯಾನ್ ನೋಡುತ್ತ ಅಂದಳು: "ನನಗ ಮೊದಲ ಗೊತ್ತಿತ್ತು. ನಾನೂ ಸುಮ್ಮನಿದ್ದೆ. ನೀ ಕುಣಿಯೋದು ನೋಡಿ ಭಾಳ ವರ್ಷಾಗಿತ್ತು." ಆಮೇಲೆ: "ಹೊರಗ ಹಾಕು. ಮೊದಲಿನಂಗ. ಮನಿಗೆ ಬರ್ತೀನಿ."

"ಇನ್ನ ಅದರ ಹೆಸರು ಎತ್ತಬ್ಯಾಡವಾ. ಗುಜರಿಗೆ ಹಾಕ್ತೀನಿ."

"ಗುಜರಿಗೆ ಹಾಕಿ ಕೆಂಡ ಇಡ್ತೀಯೇನು ಮತ್ತ? ಆವತ್ತು ಹೊರಸಿನ ಕೆಳಗ ಕೈ ಇಟ್ಟಿದ್ದೆ ನಾನು. ಆ ಬಿಸಿ ನನಗ ಬೇಕು."

ಜನವರಿ 19

ಗಾಜಿಲ್ಲ. ಒಳಗೆ ರೇಡಿಯೇಟರ್ ಒಂದೇ. ಉರಿ ಹಿತ್ತಲಲ್ಲಿ, ಕೊಳವೆ ಬಯಲಿಗೆ, ಸುತ್ತ ತಂತಿಯ ಬಲೆ. ಮೇಲಿನ ಬೆಳಕಿಂಡಿ ಒಂದು ಗೇಣು ಯಾವಾಗಲೂ ತೆರೆದೇ ಇರಬೇಕು — ಕಸ್ತೂರೆಮ್ಮ ಚೌಕಟ್ಟಿಗೆ ಮೊಳೆ ಹೊಡೆದು ಮುಚ್ಚದಂತೆ ಮಾಡಿದಳು. ಮುರ್ತುಜಾಸಾಬ ಮೂರು ದಿನ ಶೆಡ್ಡು ಮುಚ್ಚಿ ನನ್ನ ಜೊತೆ ಬೆಸೆದ. ಒಂದು ಮಾತೂ ಚುಚ್ಚಲಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು.

ನಾಳೆ ಬರುತ್ತಾರೆ. ಮುದುಕವ್ವ ಆ ದಿನದಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಓಣಿಯಲ್ಲಿ ಹಬ್ಬಿದ ಸುದ್ದಿ ಒಂದೇ: ಪಂಪಣ್ಣನ ಒಲೆ ಕೂಸನ್ನು ಕೊಲ್ಲುತ್ತಿತ್ತು.

ಜನವರಿ 23. ಬೆಳಿಗ್ಗೆ 6:20

ಹಿತ್ತಲಲ್ಲಿ ಉರಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಹಾಳೆಯ ಒಂದು ಬದಿ ಬೆಚ್ಚಗೆ, ಒಂದು ಬದಿ ತಣ್ಣಗೆ. ಮಂಜು. ಎಮ್ಮೆಗಳು ಅರ್ಧ ಮಾತ್ರ ಕಾಣುತ್ತವೆ. ಉರಿ ಒಂದು ಬೆರಳೆತ್ತರ, ನೀಲಿ. ನೋಡುವವನು ನಾನೊಬ್ಬನೇ. ಗೋಡೆಯಾಚೆ ಕೂಸು ಬಿಕ್ಕಳಿಸುತ್ತಿದೆ, ಶಾಂಭವಿ ಏನೋ ಗುನುಗುತ್ತಿದ್ದಾಳೆ. ತೆರೆದ ಬೆಳಕಿಂಡಿಯಿಂದ ಎಲ್ಲ ಕೇಳುತ್ತದೆ. ಸೈಡ್ ವಿಂಗಿನಲ್ಲಿ ನಿಂತು ಕೇಳಿದ ಹಾಗೆ.

ಈಗ ಬಾಗಿಲ ಸದ್ದು. ಹುಲಗಮ್ಮನ ದನಿ. ಅವಳ ಸೊಸೆಗೆ ತಿಂಗಳು ತುಂಬಿದೆ. ಜೊತೆಗೆ ಇನ್ನೊಂದು ಹೆಜ್ಜೆ... ಮುದುಕವ್ವ. ಹದಿನಾಲ್ಕು ದಿನದ ಮೇಲೆ. ಬರೆದುಕೊಳ್ಳುತ್ತೇನೆ.

"ಮತ್ತ ಅದನ್ನ ಇಟ್ಟೀರೇನವ್ವ?" ಹುಲಗಮ್ಮ. "ಎದಿ ಗಟ್ಟಿ ನಿಮ್ದು. ಆ ಒಲಿ ಕೂಸಿನ ಜೀವಾನ ತಗೀತಿತ್ತಲ್ಲ. ನಾ ಅಂತೂ ನಮ್ಮನ್ಯಾಗ ಕೆಂಡನ ಇಡಾಕಿ. ಮುದುಕವ್ವ ಅದಾಳ, ಎಲ್ಲ ನೋಡಿಕೊಳ್ತಾಳ."

ನಾನು ಏಳಲು ಹೋದೆ. ಅರಿವೆಯ ಮಾತು ಬಾಯಿಗೆ ಬಂದಿತ್ತು. ಅರ್ಧ ಎದ್ದವನು ಕೂತೆ.

"ಹುಲಗಿ." ಮುದುಕವ್ವನ ದನಿ. ಜೋಳದ ಒಣ ಸೊಪ್ಪೆ ಮುರಿದ ಹಾಗೆ. "ಒಲಿ ಅಲ್ಲವ. ನಾನು."

"ಏನಂದಿ?"

"ಬಚ್ಚಲ ಕಡೆ ಕೊಳವಿ ಇತ್ತು. ತಂಪಿತ್ತು. ಗಾಳಿ ಒಳಗ ಹೊಕ್ಕೈತಿ ಅಂತ ಅರಿವಿ ತುರುಕಿದೆ. ಎರಡು ದಿನ. ಎರಡನೇ ದಿನ ಇನ್ನ ಬಿಗಿ ಮಾಡಿದೆ. ಪಂಪಾ ಅದನ್ನ ಕಿತ್ತು ಜೇಬಿನಾಗ ಹಾಕ್ಕೊಂಡಿದ್ದು ನಾ ಕಂಡೀನಿ. ಯಾರ ಮುಂದೂ ಅನ್ನಲಿಲ್ಲ ಅವ."

ಕೂಸು ಬಿಕ್ಕಳಿಸಿತು. ಮತ್ತೆ ಅವಳ ದನಿಯೇ.

"ನಾಲ್ಕು ವರ್ಷದ ಹಿಂದ ಅಮೃತಾನ ಎದಿ ಕಟ್ಟಿದಾಗೂ ಬಾಗಲ ಬಿಗಿ ಮಾಡಿದಾಕಿ ನಾನ. ಆವಾಗ ತಿಳೀಲಿಲ್ಲ. ಈಗ ತಿಳಿತು. ನಿನ್ನ ಸೊಸಿ ಕ್ವಾಣ್ಯಾಗ ಕಿಂಡಿ ತಗದಿಡಬೇಕು, ಒಂದು ಗೇಣು. ಅಷ್ಟು ಮಾಡಿದ್ರ ಬರ್ತೀನಿ. ನಾ ಬ್ಯಾಡ ಅಂದ್ರ ಬ್ಯಾಡ. ಹಂಗ ಅಂದ್ರ ನಾ ಸಿಟ್ಟಾಗಂಗಿಲ್ಲ."

ಇಂಥ ಮೌನ ಹದಿನೇಳು ವರ್ಷದಲ್ಲಿ ಒಂದು ಥೇಟರಿನಲ್ಲೂ ನಾನು ತರಿಸಿರಲಿಲ್ಲ. ಉರಿ ಅಲುಗುತ್ತಿಲ್ಲ. ನಾನೂ.

ಬಳೆಯ ಸದ್ದು. ಹುಲಗಮ್ಮ ಎದ್ದಳೋ, ಅಥವಾ ಅವಳ ಹತ್ತಿರ ಸರಿದು ಕೂತಳೋ... ಗೋಡೆಗೆ ಕಿವಿಯಿಟ್ಟಿದ್ದೇನೆ. ಗೋಡೆ ಬೆಚ್ಚಗಿದೆ. ಹುಲಗಮ್ಮ ಅನ್ನುತ್ತಿದ್ದಾಳೆ, "ಆಯಿ, ನೀ ಮೊದಲ ನಮ್ಮನಿಗೆ ನಡಿ. ಯಾವ ಕಿಂಡಿ ತಗೀಬೇಕು, ತೋರ್ಸು."